ಗೋರಿಯ ಮೇಲಿನ ಕಾಮಕಸ್ತೂರಿ

೧೯೪೩ರ ಬೇಸಿಗೆಯಲ್ಲಿ ನಾನು ಪುಣೆಯಲ್ಲಿ ಮಲೇರಿಯಾ ಇನ್‌ಸ್ಪೆಕ್ಟರ್ ಆಗಿದ್ದೆ. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಸ್ಯಾನಿಟರಿ ಪರೀಕ್ಷೆ ಪಾಸು ಮಾಡಿ, ಹೊಟ್ಟೆಪಾಡಿಗೆಂದು ಈ ಊರು ಸೇರಿದವನು. ಹುದ್ದೆಯ ಹೆಸರು ಕೇಳುವುದಕ್ಕೆ ದೊಡ್ಡದು. ಕೆಲಸ ಮಾತ್ರ ಜನರ ನೀರಿನೊಳಗೆ ಇಣುಕುವುದು. ಹಿತ್ತಲ ಹಂಡೆ, ಬಾವಿ, ದನ ಕುಡಿಯುವ ಬಾನಿ, ಹೊಟೇಲಿನ ಹಿಂದಿನ ಒಡಕು ಪೀಪಾಯಿ, ಯಾವುದನ್ನೂ ಬಿಡುವಂತಿರಲಿಲ್ಲ. ನಾನು ಓಣಿಗೆ ಬಂದರೆ ಸಾಕು, ಹೆಂಗಸರು ‘ಬಂದ ನೋಡ್ರಿ ಸೊಳ್ಳಿ ಸಾಹೇಬ’ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನೂ ಬಿಡುವ ಆಸಾಮಿಯಲ್ಲ. ಹಿತ್ತಲ ಕಡೆಯಿಂದ ಹೋಗಿ ಹಂಡೆ ನೋಡಿಯೇ ಬರುತ್ತಿದ್ದೆ.

ಯುದ್ಧದ ಕಾಲ. ಕ್ಯಾಂಪಿನಲ್ಲಿ, ಅಂದರೆ ಊರಿನ ದಂಡು ಪ್ರದೇಶದಲ್ಲಿ, ಎಲ್ಲಿ ನೋಡಿದರೂ ಸೈನಿಕರು. ಅವರು ಗುಂಡಿಗಿಂತ ಹೆಚ್ಚಾಗಿ ಚಳಿಜ್ವರಕ್ಕೆ ಹೆದರುವ ಪರಿಸ್ಥಿತಿ ಬಂದಿತ್ತು. ಆದ್ದರಿಂದ ಮೇಲಿನವರು ನಮ್ಮ ಬೆನ್ನು ಹತ್ತಿದ್ದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ನಿಂತ ತಿಳಿನೀರನ್ನೇ ಇಷ್ಟಪಡುತ್ತದೆ. ಅಲ್ಲಿ ಮೊಟ್ಟೆ ಇಟ್ಟರೆ ಲಾರ್ವಾ, ಅಂದರೆ ಎಳೆಯ ಹುಳು, ಹೊರಬಂದು ಬೇಸಿಗೆಯ ಕಾವಿಗೆ ಎಂಟು-ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಹಾರುವ ಮೊದಲೇ ಆ ನೀರನ್ನು ಚೆಲ್ಲಿಸಬೇಕು, ಇಲ್ಲವೇ ಎಣ್ಣೆ ಹಾಕಬೇಕು, ಇಲ್ಲವೇ ಮುಚ್ಚಿಸಬೇಕು. ನನ್ನ ವಿದ್ಯೆಯೆಲ್ಲ ಇಷ್ಟೇ. ಆದರೆ ಇಷ್ಟನ್ನು ನಾನು ಮಂತ್ರದಂತೆ ಪಾಲಿಸುತ್ತಿದ್ದೆ.

ಆ ಏಪ್ರಿಲಿನಲ್ಲಿ ಕ್ಯಾಂಪಿನ ಅಂಚಿನ ಎರಡು ಗಲ್ಲಿಗಳಲ್ಲಿ ಜ್ವರ ಜೋರಾಯಿತು. ಮನೆಮನೆಗೆ ಕ್ವಿನೈನ್ ಮಾತ್ರೆ ಹಂಚುತ್ತಾ ಹೋದಾಗ ಒಂದು ಕೋಣೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ಮುದುಕಿಯೊಬ್ಬಳು ನನ್ನ ಮರಾಠಿ ಕೇಳಿ ತಲೆ ಎತ್ತಿದಳು.

‘ಯಾ ಊರವರ್ರೀ ನೀವು? ಈ ಮರಾಠಿ ನಮ್ಮ ಕಡೀದದ’ ಎಂದಳು.

ಹಾಜರಾಬಿ, ವಿಜಾಪುರದವಳು. ಮದುವೆಯಾಗಿ ಬಂದು ನಲವತ್ತು ವರ್ಷಗಳ ಮೇಲಾಗಿತ್ತು. ಗಂಡ ಮೆಹಬೂಬ ಸಾಹೇಬ ಗಲ್ಲಿಯ ಮೂಲೆಯಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡಿದ್ದ. ತೀರಿಕೊಂಡು ಎರಡು ವರ್ಷ. ಮಕ್ಕಳಿಲ್ಲ. ಜ್ವರದಲ್ಲಿಯೂ ಆಕೆಯ ಬಾಯಿ ಸುಮ್ಮನಿರಲಿಲ್ಲ. ಮಾತ್ರೆ ನಾಲಗೆಯ ಮೇಲಿಟ್ಟುಕೊಂಡು ‘ಯವ್ವಾ, ವಿಷ! ಇದನ್ನ ತಿನ್ನೂದಕ್ಕಿಂತ ಸೊಳ್ಳೀನ ಪಾಡಲ್ರೀ’ ಎಂದು ಮುಖ ಕಿವಿಚಿದಳು. ನಾನು ನಗುತ್ತಾ, ಹತ್ತು ದಿನ ಹೊರಗೆ ಬರಬೇಡಿ ಎಂದು ಹೇಳಿ ಬಂದೆ.

ಎರಡು ಗಲ್ಲಿಗೂ ಜ್ವರ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಹತ್ತಿರದ ಖಬರಸ್ಥಾನ. ಹೊರಗಿನಿಂದ ಬರೀ ಗೋಡೆ. ಒಳಗೆ ಹೋದರೆ ಸುಡುವ ಏಪ್ರಿಲಿನಲ್ಲಿಯೂ ತಂಪು. ಮೆಹಂದಿಯ ಬೇಲಿ, ಬೇವಿನ ಮರಗಳು, ಬಾವಿಯ ಪಕ್ಕ ನಾಲ್ಕಾರು ದಾಳಿಂಬೆ ಗಿಡ. ಕಾವಲುಗಾರ ಬಾಬಾ ದಾಳಿಂಬೆಯನ್ನು ಮಾರುತ್ತಿರಲಿಲ್ಲ; ದಾರಿಯವರು ಕಿತ್ತುಕೊಂಡರೂ ಬೈಯುತ್ತಿರಲಿಲ್ಲ. ನೆಟ್ಟವನು ಸತ್ತ ಮೇಲೂ ಆ ಗಿಡದಿಂದ ಮನುಷ್ಯ ತಿಂದರೂ ಹಕ್ಕಿ ತಿಂದರೂ ಪುಣ್ಯ ಅವನ ಲೆಕ್ಕಕ್ಕೇ ಹೋಗುತ್ತದೆ, ನಾವು ಯಾಕೆ ತಡೆಯಬೇಕು ಎಂಬುದು ಅವನ ಮಾತು. ಸ್ವರ್ಗಕ್ಕೆ ಅವರು ಹೇಳುವ ಜನ್ನತ್ ಎಂಬ ಮಾತಿಗೂ ತೋಟ ಎಂದೇ ಅರ್ಥವಂತೆ. ಸತ್ತವರನ್ನು ಕಳಿಸುವ ಜಾಗವನ್ನು ಸ್ವಲ್ಪ ಮೊದಲಿನಿಂದಲೇ ಹಾಗೆ ಇಟ್ಟರೆ ತಪ್ಪೇನು ಎಂದು ಅವನೇ ನನ್ನನ್ನು ಕೇಳಿದ.

ಗೋರಿಗಳ ನಡುಭಾಗವನ್ನು ಕಲ್ಲು ಹಾಸದೆ ಬರೀ ಮಣ್ಣಾಗಿ ಬಿಟ್ಟಿದ್ದರು. ಆ ಮಣ್ಣಿನಲ್ಲಿ ಸಬ್ಜಾ ಬೆಳೆದಿತ್ತು. ನಮ್ಮ ಕಡೆ ಕಾಮಕಸ್ತೂರಿ ಎನ್ನುತ್ತೇವಲ್ಲ, ತುಳಸಿಯ ಜಾತಿಯ ಪರಿಮಳದ ಗಿಡ, ಅದೇ. ತಲೆಯ ಕಡೆ ಎರಡು ಇಟ್ಟಿಗೆಯ ಮೇಲೊಂದು ಮಣ್ಣಿನ ಮಡಕೆ. ತಳಕ್ಕೆ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ಸಿಕ್ಕಿಸಿದ್ದರು. ಅದರಿಂದ ಹನಿಹನಿಯಾಗಿ ನೀರು ಗಿಡದ ಬುಡಕ್ಕೆ ಇಳಿಯುತ್ತಿತ್ತು. ಸಂಬಂಧಿಕರು ವಾರಕ್ಕೋ ಹದಿನೈದು ದಿನಕ್ಕೋ ಬಂದು ಮಡಕೆ ತುಂಬಿ ಹೋಗುತ್ತಿದ್ದರು. ತೆರೆದ ಬಾಯಿಯ ಅಂಚಿಗೆ ಕುಳಿತು ಗುಬ್ಬಿಗಳೂ ಆ ನೀರು ಕುಡಿಯುತ್ತಿದ್ದವು. ನೀರು ಪರೀಕ್ಷಿಸಲು ಸದಾ ಜೊತೆಗಿರುತ್ತಿದ್ದ ಸೌಟನ್ನು ನಾನು ಒಂದು ಮಡಕೆಗೆ ಇಳಿಸಿ ಎತ್ತಿದೆ. ಲಾರ್ವಾ ಕಿಕ್ಕಿರಿದಿದ್ದವು. ಇನ್ನೊಂದರಲ್ಲಿಯೂ ಅದೇ. ಇನ್ನೇನು ಬೇಕು? ಕಳ್ಳ ಸಿಕ್ಕಿದಷ್ಟು ಸಂತೋಷವಾಯಿತು.

ಕಾವಲುಗಾರ ಬಾಬಾನಿಗೆ ತೋರಿಸಿ ವಿವರಿಸಿದೆ. ಅವನ ಮೊಮ್ಮಗಳಿಗೂ ಜ್ವರ ಬಂದಿತ್ತು, ಒಪ್ಪಿದ. ಮರುದಿನ ಬೆಳಿಗ್ಗೆ ಆಳುಗಳೊಂದಿಗೆ ಬಂದೆ. ನಮ್ಮ ಮುಕಾದಮ, ಅಂದರೆ ಆಳುಗಳ ಮೇಸ್ತ್ರಿ, ಮಾರುತಿ ಎಂಬ ಮರಾಠ. ಕೆಲಸದಲ್ಲಿ ಹುಲಿ. ಎಲ್ಲ ಮಡಕೆಗಳನ್ನು ಚೆಲ್ಲಿ, ಬೋರಲು ಹಾಕಿ ಎಂದು ಅವನಿಗೆ ಹೇಳಿ ನಾನು ಬಾವಿಯ ಕಡೆ ಹೋದೆ. ಬಾವಿಯೊಳಗೆ ಬಗ್ಗಿ ನೋಡುತ್ತಿರುವಾಗಲೇ ಹಿಂದೆ ಫಟ್, ಫಟ್ ಎಂದು ಸದ್ದು. ಓಡಿ ಬಂದು ನೋಡುತ್ತೇನೆ, ಅರ್ಧ ಖಬರಸ್ಥಾನದ ತುಂಬ ಮಡಕೆಯ ಚೂರು!

‘ಏನೋ ಮಾಡಿದಿ ಇದು? ಒಡಿ ಅಂತ ಯಾವಾಗ ಹೇಳಿದ್ದೆ?’ ಎಂದು ಚೀರಿದೆ.

ಮಾರುತಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಅವನು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ‘ರಾವ್‌ಸಾಹೇಬ, ಹೆಣದ ಮಡಕೆಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ತೂತು ಮಾಡಿ ನೀರು ಹನಿಸಿದ ಮೇಲೆ ಒಡೆಯಲೇಬೇಕು. ಇವರು ಮರೆತು ಹಾಗೇ ಬಿಟ್ಟಿದ್ದಾರೆ. ಸತ್ತವರಿಗೆ ದಾರಿ ಸಿಗುವುದು ಬೇಡವೇ?’

ಸುಡುಗಾಡಿನಲ್ಲಿ ಹೆಗಲ ಮೇಲೆ ತೂತಿನ ಮಡಕೆ ಹೊತ್ತು ಚಿತೆಯ ಸುತ್ತ ತಿರುಗಿ, ಕೊನೆಗೆ ಹಿಂದಕ್ಕೆ ಎಸೆದು ಒಡೆಯುವುದನ್ನು ಅವನೂ ನೋಡಿದ್ದ, ನಾನೂ ನನ್ನ ಅಪ್ಪನಿಗಾಗಿ ಮಾಡಿದ್ದೆ. ಪಾಪ, ಅವನು ಬೇರೆಯವರು ಬಾಕಿ ಉಳಿಸಿದ ಕರ್ಮವನ್ನು ಪೂರೈಸುತ್ತಿದ್ದೇನೆ ಎಂದೇ ತಿಳಿದಿದ್ದ. ಅದೇ ಸಂಜೆ ನಾನು ಮೊಹಲ್ಲಾದ ಹಿರಿಯರ ಬಳಿಗೆ ಹೋಗಿ ನಡೆದದ್ದನ್ನು ಇದ್ದಂತೆ ಹೇಳಿ ಕೈ ಮುಗಿದೆ. ಕಾಲ ನೆಟ್ಟಗಿರಲಿಲ್ಲ, ಹಿಂದೂ-ಮುಸಲ್ಮಾನರ ನಡುವೆ ಇಷ್ಟು ಸಾಕಿತ್ತು ಗಲಭೆಯಾಗಲು. ಮಾರುತಿಯ ಕಾರಣವನ್ನು ಕೇಳಿ ಅವರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರೊಬ್ಬರು ಗಡ್ಡ ಸವರಿಕೊಂಡು, ಅವನ ಮನಸ್ಸು ಕೆಟ್ಟದ್ದಲ್ಲ, ಆದರೆ ಮುಂದಿನ ದಾರಿ ನೀನೇ ಹೇಳು ಎಂದರು. ನಿಂತ ನೀರು ಇರದ ಉಪಾಯ ಹುಡುಕುತ್ತೇನೆ, ಅಲ್ಲಿಯವರೆಗೆ ಮಡಕೆ ಇಡಬೇಡಿ ಎಂದು ಬೇಡಿಕೊಂಡೆ. ಒಪ್ಪಿದರು. ಹತ್ತಿರದ ಮನೆಗಳ ಗಂಡಸರು ಬೆಳಿಗ್ಗೆ ಸಂಜೆ ಬಂದು ತಮ್ಮವರ ಗೋರಿಗೆ ತಂಬಿಗೆಯಿಂದ ನೀರು ಹಾಕತೊಡಗಿದರು.

ಯಾರೂ ಬಾರದ ಗೋರಿ ಹಾಜರಾಬಿಯ ಗಂಡನದು. ಆಕೆ ಜ್ವರದಲ್ಲಿ ಮಲಗಿದ್ದಳಲ್ಲ!

ಆ ವಾರದ ಕೊನೆಗೆ ನಾನು ಖಬರಸ್ಥಾನಕ್ಕೆ ಹೋದಾಗ ಬಾಗಿಲ ಹತ್ತಿರದ ಗೋರಿಯ ಮುಂದೆ ಆಕೆ ಕುಳಿತಿದ್ದಳು. ಹೆಂಗಸರು ಅಲ್ಲಿಗೆ ಬರುವುದು ಕಡಿಮೆ. ವಯಸ್ಸಾದವಳೆಂದು ಬಾಬಾ ಬಿಟ್ಟಿದ್ದ. ಗಿಡ ಕಡ್ಡಿಯಾಗಿತ್ತು. ಎಲೆ ಮುಟ್ಟಿದರೆ ಪುಡಿ.

‘ಬರ್ರಿ ಸೊಳ್ಳಿ ಸಾಹೇಬ್ರ’ ಎಂದಳು. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ‘ನನಗ ಮಾತ್ರೆ ಕೊಟ್ಟು ಮಲಗಿಸಿದ್ರಿ, ಇಲ್ಲಿ ನನ್ನ ಮನಿಯವರ ಗಿಡ ಕೊಂದ್ರಿ.’

ಮಡಕೆಯ ಕಥೆ ಹೇಳಿದೆ. ಹೊಸ ಗಿಡ ತರಿಸಿಕೊಡುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಆಕೆ ನನ್ನನ್ನು ದಿಟ್ಟಿಸಿ ನೋಡಿ, ನೆಲ ತೋರಿಸಿ ಕೂರಲು ಹೇಳಿದಳು.

‘ಇದು ಅಂದಕ್ಕ ಹಚ್ಚಿದ್ದಲ್ರಿ. ನಮ್ಮ ಪೈಗಂಬರರು ಒಮ್ಮೆ ಎರಡು ಗೋರಿ ಬಾಜೂ ಹೋಗುವಾಗ ನಿಂತರಂತ. ಒಳಗಿನ ಇಬ್ಬರಿಗೂ ಯಾತನಾ ನಡದಿತ್ತಂತ. ಹಸೀ ಖರ್ಜೂರದ ಗರಿ ಸೀಳಿ ಎರಡರ ಮ್ಯಾಲೂ ಊರಿದರಂತ, ಇದು ಒಣಗೂತನಕ ಅವರ ಯಾತನಾ ಹಗುರ ಆಗಲಿ ಅಂತ. ಹಸಿರು ಇರೂತನಕ ಗಿಡ ದೇವರ ನಾಮಸ್ಮರಣಿ ಮಾಡ್ತದ. ಕೆಳಗ ಮಲಗಿದವರಿಗೆ ಅದು ಮುಟ್ಟತದ.’

‘ಆ ಇಬ್ಬರೂ ಏನು ತಪ್ಪು ಮಾಡಿದ್ರಂತ್ರಿ ಅಮ್ಮಾರ?’

‘ಅವರೊಳಗ ಒಬ್ಬ ಅಲ್ಲೀದು ಇಲ್ಲಿ ಇಲ್ಲೀದು ಅಲ್ಲಿ ಹೇಳಿ ಜಗಳಾ ಹಚ್ಚಾಂವ’ ಎಂದು ಗೋರಿಯ ಕಡೆ ಕಣ್ಣು ಮಾಡಿದಳು. ‘ಇವರ ದಂಧೇನೂ ಅದ! ಅಳತಿ ಪಟ್ಟಿ ಕೊಳ್ಳಾಗ, ಮಂದಿ ಮನೀ ಸುದ್ದಿ ಬಾಯಾಗ. ಅಂಗಿ ಹೊಲದದ್ದು ಎಷ್ಟೋ, ಮಂದಿ ಮನಸ್ಸು ಹರದದ್ದು ಅದರ ಎರಡಪಟ್ಟು. ಒಳ್ಳೆ ಮನಶ್ಯಾ ಆಗಿದ್ದರ ನಾ ಇಷ್ಟು ಕಾಳಜಿ ಮಾಡ್ತಿದ್ದಿಲ್ಲ.’

‘ನೀವು ಮಾಫ್ ಮಾಡಿಬಿಡ್ರಿ, ಮುಗೀತಲ್ಲ.’

‘ನಾ ಯಾವಾಗೋ ಮಾಡೀನ್ರಿ ಸಾಹೇಬ್ರ. ಎರಡು ಗಲ್ಲಿಯವರು ಮಾಡಬೇಕಲ್ಲ! ಮಂದೀಗೆ ಮಾಡಿದ ತಪ್ಪು ಮಂದೀನ ಬಿಡಬೇಕು. ದೇವರೂ ಅದರಾಗ ಕೈ ಹಾಕೂದಿಲ್ಲಂತ.’

ನನಗೆ ನಗು ಬಂತು. ಆಕೆಯ ಕಣ್ಣಿನಲ್ಲಿ ನೀರು ಕಂಡು ನಗು ಅಲ್ಲೇ ನಿಂತಿತು. ಆಕೆಗೆ ಅದು ಕಥೆಯಾಗಿರಲಿಲ್ಲ. ಮೂರು ಅಡಿ ಕೆಳಗೆ ತನ್ನ ಗಂಡ ನೋಯುತ್ತಿದ್ದಾನೆ, ಔಷಧ ನಿಂತುಹೋಗಿದೆ. ಇಷ್ಟೇ ಸರಳವಾಗಿ ಆಕೆಗೆ ಅದು ಗೊತ್ತಿತ್ತು.

ಒಣಗಿದ ಕಡ್ಡಿ ಕಿತ್ತು ಆಕೆ ಹೊಸ ಬೀಜ ಬಿತ್ತಿದಳು. ಕಿತ್ತು ತಂದ ಗಿಡ ಏಪ್ರಿಲಿನ ಬಿಸಿಲಿಗೆ ಹಿಡಿಯುವುದಿಲ್ಲ, ಬೀಜವೇ ಆಗಬೇಕು ಎಂದಳು. ಬಿತ್ತಿದ ಮೇಲೆ ಎದ್ದು ಹೋಗಲಿಲ್ಲ. ಕೈಯಲ್ಲಿ ಜಪಮಾಲೆ ಹಿಡಿದು ತುಟಿ ಅಲ್ಲಾಡಿಸುತ್ತಾ ಕುಳಿತುಬಿಟ್ಟಳು. ಮರುದಿನ ಬೆಳಿಗ್ಗೆ ಹೋದರೆ ಅಲ್ಲೇ ಇದ್ದಾಳೆ, ಮಧ್ಯಾಹ್ನವೂ ಇದ್ದಾಳೆ. ಮೆಹಂದಿ ಬೇಲಿಯ ಆ ಮೂಲೆಗೆ ಬೇವಿನ ನೆರಳು ಬರುವುದು ಸಂಜೆಗೆ ಮಾತ್ರ.

‘ಇದೇನು ಹಟಾ ಹಚ್ಚೀರಿ ಅಮ್ಮಾರ? ಜ್ವರದಿಂದ ಎದ್ದವರು ನೀವು!’

‘ಗಿಡಾ ಇಲ್ಲಲ್ರಿ. ಅದರ ಕೆಲಸಾ ಯಾರು ಮಾಡ್ಬೇಕು? ಅದು ಬರೂತನಕ ಅದರ ಬದಲೀ ನಾ ಕೂತೀನಿ. ನಿಮ್ಮ ಆಫೀಸಿನಾಗ ಒಬ್ಬರು ರಜಾ ಹಾಕಿದರ ಬದಲೀ ಮಂದಿ ಬರ್ತಾರಲ್ಲ, ಹಂಗ.’

ಬೇಡವೆಂದು ಬಾಬಾ ಹೇಳಿದ, ಹಿರಿಯರು ಹೇಳಿ ಕಳಿಸಿದರು. ಕೇಳಿದರೆ ತಾನೆ! ನನಗೆ ಊಟ ರುಚಿಸಲಿಲ್ಲ. ಮಲೇರಿಯಾ ದೇಹವನ್ನು ಹಿಂಡಿ ಹಿಪ್ಪೆ ಮಾಡಿರುತ್ತದೆ. ಈ ಬಿಸಿಲಿನಲ್ಲಿ ಜ್ವರ ಮರುಕಳಿಸಿದರೆ ಮುದುಕಿ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೀಜ ಮೊಳೆಯಬೇಕಾದರೆ ಮಣ್ಣು ದಿನವಿಡೀ ಹಸಿಯಾಗಿರಬೇಕು. ಬೆಳಿಗ್ಗೆ ಹಾಕಿದ ನೀರು ಹನ್ನೊಂದರೊಳಗೆ ಒಣಗುತ್ತಿತ್ತು. ಹನಿಯುವ ಮಡಕೆಯೇ ಬೇಕು. ಮಡಕೆ ಕೂಡದೆಂದು ಹೇಳಿದವನು ನಾನೇ.

ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದರೆ ಸೊಳ್ಳೆ ಒಳಗೆ ಹೋಗಲಾರದು, ಸುಲಭದ ಉಪಾಯ ಎಂದು ಬೀಗುತ್ತಾ ಹೋಗಿ ಆಕೆಗೆ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ‘ಗುಬ್ಬಿ ಎಲ್ಲಿ ಕುಡೀಬೇಕ್ರಿ? ಬಟ್ಟಿ ಕಟ್ಟಿದರ ಅದರ ಪುಣ್ಯಾ ಹೋತು. ಇವರ ಹತ್ರ ಅಷ್ಟೊಂದು ಪುಣ್ಯಾ ಎಲ್ಲಿ ಅದ, ಅರ್ಧಾ ಬಿಟ್ಟು ಕೊಡಾಕ?’

ಸಿಟ್ಟು ಬಂತು. ಆದರೆ ಮಾತು ಸರಿಯಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಮೊಸರಿನ ಗಡಿಗೆಯ ಮೇಲೆ ಬಟ್ಟಲು ಮುಚ್ಚಿ, ಆ ಬಟ್ಟಲಲ್ಲೇ ಉಪ್ಪಿನಕಾಯಿ ಹಾಕಿಟ್ಟಿದ್ದಳು. ನಾನು ತುತ್ತು ಬಿಟ್ಟು ಅದನ್ನೇ ನೋಡುತ್ತಾ ಕುಳಿತೆ. ಮಡಕೆಗೆ ಬಿಗಿಯಾಗಿ ಕೂರುವ ಮುಚ್ಚಳ. ಮುಚ್ಚಳವೇ ಬಟ್ಟಲಿನಂತೆ ತಗ್ಗು. ಆ ತಗ್ಗಿನಲ್ಲಿ ಬೊಗಸೆಗಿಂತ ಕಡಿಮೆ ನೀರು. ಹಕ್ಕಿ ಕುಡಿಯುತ್ತದೆ, ಉಳಿದದ್ದು ಸಂಜೆಯೊಳಗೆ ಆರುತ್ತದೆ. ಒಂದು ದಿನ ನಿಲ್ಲದ ನೀರಿನಲ್ಲಿ ಸೊಳ್ಳೆ ಏನು ಸಂಸಾರ ಮಾಡೀತು?

ಮರುದಿನ ಹೆಲ್ತ್ ಆಫೀಸರ್ ಸಾಹೇಬರ ಮುಂದೆ ನಿಂತು ಎಲ್ಲ ವಿವರಿಸಿದೆ. ಅವರು ಇಂಗ್ಲಿಷರು, ಮಾತು ಕಡಿಮೆ. ಪೈಪು ಕೆಳಗಿಟ್ಟು ಹೇಳಿದರು: ‘ಸತ್ತವರ ವಿಷಯ ನನಗೆ ತಿಳಿಯದು. ಒಂದು ಮಡಕೆಯಲ್ಲಿ ಲಾರ್ವಾ ಸಿಕ್ಕರೂ ಎಲ್ಲವನ್ನೂ ನಿನ್ನ ಕೈಯಿಂದಲೇ ಒಡೆಸುತ್ತೇನೆ.’ ನನಗೆ ಅಷ್ಟು ಸಾಕಿತ್ತು.

ಕುಂಬಾರನಿಗೆ ಮುಚ್ಚಳದ ಅಳತೆ ಹೇಳಿ ಬಂದೆ. ಮೊದಲು ಸುಟ್ಟು ತಯಾರಾದ ಮಡಕೆ ಮುಚ್ಚಳವನ್ನು ಮಾರುತಿಯೇ ತಲೆಯ ಮೇಲೆ ಹೊತ್ತು ತಂದ. ಹಾಜರಾಬಿಯ ಮುಂದೆ ಇಟ್ಟು, ಏನು ಹೇಳಬೇಕೆಂದು ತೋಚದೆ, ಆಕೆಯ ಕಾಲು ಮುಟ್ಟಿದ. ಆಕೆ ಅವನಿಗೆ ಮರಾಠಿಯಲ್ಲಿಯೇ, ‘ಇರಲಿ ಮಗಾ, ನಿನ್ನ ಕಡೆಯ ದಾರಿ ಹಾಗೆ, ನಮ್ಮ ಕಡೆಯದು ಹೀಗೆ’ ಎಂದು ತಲೆ ನೇವರಿಸಿದಳು. ಮಡಕೆ ಕೂತಿತು, ಹನಿ ಬೀಳತೊಡಗಿತು. ಇನ್ನಾದರೂ ಮನೆಗೆ ನಡೆಯಿರಿ ಎಂದರೆ, ಮೊಳಕೆ ಕಾಣುವವರೆಗೆ ಇಲ್ಲ ಎಂದು ಮತ್ತೆ ಜಪಮಾಲೆ ಹಿಡಿದಳು. ತುಟಿಗಳು ಒಡೆದು ಕಪ್ಪಾಗಿದ್ದವು.

ಆ ಬಾಗಿಲ ಮುಂದೆ ದಿನವೂ ಹಾದುಹೋಗುತ್ತಿದ್ದವರಲ್ಲಿ ಉಸ್ಮಾನ್ ಭಾಯಿ ಒಬ್ಬ. ಅದೇ ಗಲ್ಲಿಯಲ್ಲಿ ಬ್ರೆಡ್ಡಿನ ಭಟ್ಟಿ ಇಟ್ಟಿದ್ದವನು. ದರ್ಜಿಯ ಬಾಯಿಂದ ಎಲ್ಲರಿಗಿಂತ ಹೆಚ್ಚು ನೊಂದವನು ಇವನೇ ಎಂದು ಬಾಬಾ ನನಗೆ ಹೇಳಿದ್ದ. ಅವನ ಮಗಳ ನಿಶ್ಚಿತಾರ್ಥವಾಗಿತ್ತು. ಹುಡುಗನ ಕಡೆಯವರು ಮದುವೆಯ ಬಟ್ಟೆ ಹೊಲಿಸಲು ಇದೇ ಮೆಹಬೂಬ ಸಾಹೇಬನ ಅಂಗಡಿಗೆ ಬಂದರು. ಅವನು ಅಳತೆ ತೆಗೆಯುತ್ತಾ ಹುಡುಗಿಗೆ ಮೂರ್ಛೆ ರೋಗವಿದೆಯೆಂದು ಎಲ್ಲೋ ಕೇಳಿದ್ದನ್ನು ಹೇಳಿಬಿಟ್ಟ. ಸುಳ್ಳು ಸುದ್ದಿ. ಸಂಬಂಧ ಮುರಿಯಿತು. ಆಮೇಲೆ ಆ ಹುಡುಗಿಗೆ ಬೇರೆ ಕಡೆ ಮದುವೆಯೇನೋ ಆಯಿತು. ಆದರೆ ಉಸ್ಮಾನ್ ಆ ಮನೆಯ ಜೊತೆ ಮಾತು ಬಿಟ್ಟ. ದರ್ಜಿ ಸತ್ತಾಗ ಮಣ್ಣು ಹಾಕಲೂ ಬರಲಿಲ್ಲ.

ಆ ಮಧ್ಯಾಹ್ನ ನಾನು ಬಾವಿಯ ಕಡೆಯಿಂದ ಬರುತ್ತಿದ್ದೆ. ಉಸ್ಮಾನ್ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಾಗಿಲೊಳಗೆ ಬಂದ. ಭಟ್ಟಿಯ ಹಿಟ್ಟು ಇನ್ನೂ ಮೊಣಕೈಗೆ ಅಂಟಿತ್ತು. ಕೊಡೆ ಬಿಚ್ಚಿ ಆಕೆಯ ಪಕ್ಕದ ಮಣ್ಣಿಗೆ ಊರಿದ. ತಂಬಿಗೆಯನ್ನು ಆಕೆಯ ಕೈಗೆ ಕೊಟ್ಟ. ಆಕೆ ಎರಡು ಗುಟುಕು ಕುಡಿದು ತಂಬಿಗೆ ಹಿಂದೆ ಚಾಚಿದಳು. ಅವನು ಅದನ್ನು ತೆಗೆದುಕೊಂಡ.

‘ಭಾಭಿ, ನೀವು ಸಾಯುವುದನ್ನು ನನ್ನಿಂದ ನೋಡಲು ಆಗುವುದಿಲ್ಲ. ದಿನಾ ಇಲ್ಲಿಂದ ಹೋಗುತ್ತೇನೆ. ರೊಟ್ಟಿ ಸೀದು ಹೋಗುತ್ತಿದೆ, ಕೆಲಸದಲ್ಲಿ ಮನಸ್ಸಿಲ್ಲ. ಮನೆಗೆ ನಡೆಯಿರಿ’ ಎಂದ ಹಿಂದುಸ್ತಾನಿಯಲ್ಲಿ.

ಹಾಜರಾಬಿ ಬೇಡಿಕೊಳ್ಳಲಿಲ್ಲ. ಅವನ ಮುಖ ನೋಡಿ, ನೇರವಾಗಿ ಕೇಳಿದಳು: ‘ಇವರ ಮೇಲಿನ ನಿಮ್ಮ ಸಿಟ್ಟು?’

ಉಸ್ಮಾನ್ ತಂಬಿಗೆಯಲ್ಲಿ ಉಳಿದ ನೀರನ್ನು ಗೋರಿಯ ಮಣ್ಣಿಗೆ ನಿಧಾನವಾಗಿ, ತಲೆಯ ಕಡೆಯಿಂದ ಕಾಲಿನವರೆಗೆ ಹಾಕಿದ. ‘ಮಾಫ್ ಮಾಡಿದೆ ಮೆಹಬೂಬ್ ಭಾಯಿ. ನನ್ನ ಮಗಳ ಪರವಾಗಿಯೂ ಮಾಡಿದೆ. ಅವಳೇ ನಿನ್ನೆ ಹೇಳಿ ಕಳಿಸಿದ್ದಾಳೆ’ ಎಂದ. ಆಮೇಲೆ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಮಗುವಿನಂತೆ ಅತ್ತ. ನನಗೂ ತಡೆಯಲಾಗಲಿಲ್ಲ, ಬೇಲಿಯ ಕಡೆ ತಿರುಗಿ ನಿಂತೆ.

ಹಾಜರಾಬಿ ಜಪಮಾಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮೊಣಕಾಲಿಗೆ ಕೈ ಊರಿ, ‘ಯಾ ಅಲ್ಲಾ’ ಎನ್ನುತ್ತಾ ಎದ್ದು ಚಪ್ಪಲಿ ಹುಡುಕಿದಳು.

ನಾನು ಗಾಬರಿಯಾಗಿ ಕೇಳಿದೆ: ‘ಹೊಂಟ್ರೇನ್ರಿ ಅಮ್ಮಾರ? ಮೊಳಕಿ ಇನ್ನೂ ಬಂದಿಲ್ಲಲ್ಲ?’

‘ಬರೂವಾಗ ಬರಲಿ ಬಿಡ್ರಿ’ ಎಂದಳು. ‘ಇನ್ನ ಅವಸರಿಲ್ಲ.’

ಉಸ್ಮಾನ್ ಕೊಡೆ ಹಿಡಿದ. ಆಕೆ ಅದರ ನೆರಳಿನಲ್ಲಿ ನಿಧಾನವಾಗಿ ಗಲ್ಲಿಯ ಕಡೆ ನಡೆದಳು.

ಮೊಳಕೆ ಬಂದದ್ದು ಅದಾದ ಎರಡು ದಿನಕ್ಕೆ. ಮುಚ್ಚಳದ ಮಡಕೆಗಳು ಒಂದೊಂದಾಗಿ ಉಳಿದ ಗೋರಿಗಳಿಗೂ ಬಂದವು. ಮಳೆಗಾಲದವರೆಗೆ ಪ್ರತಿ ವಾರ ನಾನೇ ಸೌಟು ಹಿಡಿದು ನೋಡಿದೆ. ಒಡೆಯುವ ಪ್ರಸಂಗ ಬರಲಿಲ್ಲ. ಹಾಜರಾಬಿಗೆ ಜ್ವರ ಮರುಕಳಿಸಲಿಲ್ಲ. ಮುಂದೆಯೂ ನನಗೆ ಮಾತ್ರೆಯ ವಿಷಯಕ್ಕೆ ಬೈಯುತ್ತಲೇ ಇದ್ದಳು.

ಆಮೇಲೆ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದೆ. ಸೊಳ್ಳೆಯ ವಿಷಯದಲ್ಲಿ ನಾನು ಮೊದಲಿನಷ್ಟೇ ಕಟ್ಟುನಿಟ್ಟು. ಆದರೆ ಆ ಬೇಸಿಗೆಯ ನಂತರ, ಯಾರ ಅಂಗಳದಲ್ಲೇ ಆಗಲಿ, ನೀರಿಟ್ಟ ಪಾತ್ರೆಗೆ ಕೈ ಹಾಕುವ ಮೊದಲು ‘ಇದು ಯಾರಿಗ್ರಿ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಕಾಗೆಗೆ ಎಂದವರಿದ್ದರು, ಬೀದಿಯ ದನಕ್ಕೆ ಎಂದವರಿದ್ದರು, ತುಳಸಿಗೆ, ದಾರಿಹೋಕರಿಗೆ, ತೀರಿಹೋದ ಅವ್ವನಿಗೆ ಎಂದವರಿದ್ದರು. ‘ನನಗೆ’ ಎಂದವರು ಬಹಳ ಕಡಿಮೆ.